ಪಳೆಯುಳಿಕೆಗೆ ಯು.ವಿ. ಬೆಳಕು ಹಾಕಿದರೆ ಏನು ಕಾಣುತ್ತದೆ? ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಶಾಲೆ-ಕಾಲೇಜುಗಳಿಗೆ ಪಳೆಯುಳಿಕೆಗಳ ಬಗ್ಗೆ ಮಾತಾಡಲು ಹೋಗುತ್ತಿರುತ್ತೇನೆ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಯು.ವಿ. (ನೇರಳಾತೀತ ಬೆಳಕಿನ) ಟಾರ್ಚ್ ಹಚ್ಚಿದ ಮೇಲೆಯೇ ನಿಜವಾದ ಪ್ರಶ್ನೆಗಳು ಶುರುವಾಗುತ್ತವೆ. ಆಮೇಲೆ ಪತ್ರದಲ್ಲಿ, ಫೋನಿನಲ್ಲಿ, ವಾಟ್ಸಾಪಿನಲ್ಲೂ ಅವೇ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಸೇರಿಸಿದ್ದೇನೆ. ಸುಲಭದವು ಮೊದಲು, ಆಳದವು ಆಮೇಲೆ. ಎಲ್ಲಿಂದ ಬೇಕಾದರೂ ಓದಬಹುದು.

## ಮೊದಲ ಪ್ರಶ್ನೆಗಳು

ಕಲ್ಲಾಗಿ ಹೋದ ಮೂಳೆ ಲೈಟ್ ಬಿದ್ದ ತಕ್ಷಣ ಯಾಕೆ ಹೊಳೆಯುತ್ತೆ ಸಾರ್?

ಮೂಳೆ ಮತ್ತು ಹಲ್ಲಿನ ಗಟ್ಟಿ ಭಾಗ ಅಪಟೈಟ್ ಎಂಬ ಖನಿಜ. ಅದು ಕ್ಯಾಲ್ಸಿಯಂ ಫಾಸ್ಫೇಟ್. ಪ್ರಾಣಿ ಸತ್ತು ಮಣ್ಣು ಸೇರಿದ ಮೇಲೆ ಅಂತರ್ಜಲ ಆ ಮೂಳೆಯ ಮೂಲಕ ವರ್ಷಗಟ್ಟಲೆ ಜಿನುಗುತ್ತದೆ. ನೀರಿನಲ್ಲಿ ಅಲ್ಪಸ್ವಲ್ಪ ಇರುವ ವಿರಳ ಭೂಧಾತುಗಳು, ಯುರೇನಿಯಂ, ಮ್ಯಾಂಗನೀಸ್ ಇವೆಲ್ಲ ಮೂಳೆಯೊಳಗೆ ಸೇರಿ ಕ್ಯಾಲ್ಸಿಯಂನ ಜಾಗ ಹಿಡಿಯುತ್ತವೆ. ಇವುಗಳ ಮೇಲೆ ಯು.ವಿ. ಬೆಳಕು ಬಿದ್ದರೆ ಎಲೆಕ್ಟ್ರಾನುಗಳು ಶಕ್ತಿ ಹೀರಿಕೊಂಡು ಮೇಲಿನ ಮಟ್ಟಕ್ಕೆ ಹೋಗುತ್ತವೆ, ಕಣ್ಣು ಮಿಟುಕಿಸುವುದರೊಳಗೆ ಕೆಳಗಿಳಿಯುತ್ತವೆ. ಇಳಿಯುವಾಗ ಸ್ವಲ್ಪ ಶಕ್ತಿ ಶಾಖವಾಗಿ ಹೋಗುತ್ತದೆ. ಉಳಿದದ್ದು ಬೆಳಕಾಗಿ ಹೊರಗೆ ಬರುತ್ತದೆ. ಶಕ್ತಿ ಕಡಿಮೆಯಾಗಿರುವುದರಿಂದ ಆ ಬೆಳಕಿನ ತರಂಗಾಂತರ ಜಾಸ್ತಿ. ಹಾಗಾಗಿ ಒಳಗೆ ಹೋಗಿದ್ದು ಕಣ್ಣಿಗೆ ಕಾಣದ ಯು.ವಿ., ಹೊರಗೆ ಬಂದಿದ್ದು ಕಾಣುವ ಹಳದಿ, ಕಿತ್ತಳೆ, ಬಿಳಿ ಅಥವಾ ನೀಲಿ. ಪಠ್ಯಪುಸ್ತಕದಲ್ಲಿ ಇದನ್ನು ಪ್ರತಿದೀಪ್ತಿ (ಫ್ಲೋರೆಸೆನ್ಸ್) ಎನ್ನುತ್ತಾರೆ.

ಸುತ್ತಲಿನ ಬಂಡೆಯ ರಸಾಯನ ಬೇರೆ. ಅದು ಹೊಳೆಯದೇ ಇರಬಹುದು, ಇಲ್ಲವೇ ಬೇರೆ ಬಣ್ಣದಲ್ಲಿ ಹೊಳೆಯಬಹುದು. ಹಗಲಿನಲ್ಲಿ ಮೂಳೆ, ಬಂಡೆ ಎರಡೂ ಒಂದೇ ಮಣ್ಣಿನ ಬಣ್ಣ. ಯು.ವಿ. ಕೆಳಗೆ ಎರಡೂ ಬೇರೆ ಬೇರೆ. ಈ ತಂತ್ರದ ಬಲವೆಲ್ಲ ಇದೊಂದರಲ್ಲೇ ಇದೆ: ಅದು ತೋರಿಸುವುದು ರಸಾಯನದ ವ್ಯತ್ಯಾಸವನ್ನು.

ಹೊಳೆದರೆ ಪಳೆಯುಳಿಕೆ, ಹೊಳೆಯದಿದ್ದರೆ ಕಲ್ಲು ಅಂತ ತಿಳ್ಕೊಳ್ಳಬಹುದಾ?

ಬೇಡ. ಎರಡೂ ಕಡೆಯಿಂದ ತಪ್ಪಾಗುತ್ತದೆ. ನಿನ್ನೆಯ ಸಾರಿನ ಮೂಳೆ ಕೂಡ ನೀಲಿ-ಬಿಳಿಯಾಗಿ ಹೊಳೆಯುತ್ತದೆ, ಅದರಲ್ಲಿರುವ ಕೊಲಾಜನ್ ಎಂಬ ಪ್ರೋಟೀನ್ ಕಾರಣ. ತೋಟದ ಚೇಳು ರಾತ್ರಿ ಹಸಿರು-ನೀಲಿಯಾಗಿ ಹೊಳೆಯುತ್ತದೆ. ಎಲೆಯ ಪತ್ರಹರಿತ್ತು ಕೆಂಪಾಗಿ, ಅರಿಸಿನ ಹಸಿರು ಮಿಶ್ರಿತ ಹಳದಿಯಾಗಿ, ಒಗೆದ ಬಿಳಿ ಶರಟು ಸೋಪಿನ ಪುಡಿಯಲ್ಲಿರುವ ರಾಸಾಯನಿಕದಿಂದ ನೀಲಿಯಾಗಿ ಹೊಳೆಯುತ್ತವೆ. ಇನ್ನೊಂದು ಕಡೆ, ಕಬ್ಬಿಣದ ಅಂಶ ಜಾಸ್ತಿ ಇರುವ ಕಡೆ ಸಿಕ್ಕಿದ ಅಪ್ಪಟ ಡೈನೋಸಾರ್ ಮೂಳೆ ಕಪ್ಪಗೆ ಸುಮ್ನೆ ಕೂತಿರುತ್ತದೆ. ಕಬ್ಬಿಣ ಹೊಳಪನ್ನು ನುಂಗಿಬಿಡುತ್ತದೆ.

ಮಳೆಗೆ ತೋಟದ ಬರೆ ಜರಿದಾಗ ಎಲೆ ಅಚ್ಚಿರುವ ಕಲ್ಲು ಸಿಕ್ಕಿತು. ಪಳೆಯುಳಿಕೆನೇ ಅಲ್ವಾ?

ಈ ಪ್ರಶ್ನೆಯ ಜೊತೆ ಬರುವ ಫೋಟೋಗಳನ್ನು ನಾನು ಆಸೆಯಿಂದಲೇ ನೋಡುತ್ತೇನೆ. ಆದರೆ ಕೊಡಗಿನ ನೆಲದ ಸ್ವಭಾವ ಬೇರೆ. ನಮ್ಮ ಕಾಲ ಕೆಳಗಿರುವುದು ಬಹುಪಾಲು ಚಾರ್ನೊಕೈಟ್, ನೈಸ್ ತರಹದ ಬಂಡೆಗಳು. ಇವುಗಳಲ್ಲಿ ಹೆಚ್ಚಿನವು 300 ಕೋಟಿ ವರ್ಷಕ್ಕೂ ಹಳೆಯವು. ಆಗ ಎಲೆಯೂ ಇರಲಿಲ್ಲ, ಮೂಳೆಯೂ ಇರಲಿಲ್ಲ. ಸಾಲದ್ದಕ್ಕೆ ಈ ಬಂಡೆಗಳು ಭೂಮಿಯ ಆಳದಲ್ಲಿ ಬೆಂದು ರೂಪ ಬದಲಿಸಿದವು. ಏನಾದರೂ ಇದ್ದರೂ ಉಳಿಯುತ್ತಿರಲಿಲ್ಲ.

ಹಾಗಾದರೆ ಆ ಎಲೆ? ಹೆಚ್ಚಿನ ಸಲ ಅದು ಮ್ಯಾಂಗನೀಸ್ ಆಕ್ಸೈಡ್. ಕಲ್ಲಿನ ಬಿರುಕಿನಲ್ಲಿ ನೀರು ಹರಿದು, ಕಪ್ಪು ಖನಿಜ ಕವಲು ಕವಲಾಗಿ ಬೆಳೆದು, ಥೇಟ್ ಜರೀಗಿಡದ ಹಾಗೆ ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡಿ. ನಿಜವಾದ ಎಲೆಗೆ ನಡುನರ ಇರುತ್ತದೆ, ಅಂಚು ಇರುತ್ತದೆ, ನರಗಳು ಒಂದು ಕ್ರಮದಲ್ಲಿ ಹೊರಡುತ್ತವೆ. ಖನಿಜದ ಕವಲಿಗೆ ನಡುನರ ಇರುವುದಿಲ್ಲ, ಬಿರುಕು ಹೋದ ಕಡೆಯೆಲ್ಲ ಹರಡಿರುತ್ತದೆ.

ಪಳೆಯುಳಿಕೆ ನೋಡಬೇಕೆಂದರೆ ಕಾವೇರಿಯ ಜೊತೆ ಕೆಳಗೆ ಹೋಗಬೇಕು. ತಮಿಳುನಾಡಿನ ಅರಿಯಲೂರು, ತಿರುಚ್ಚಿ ಸುತ್ತಮುತ್ತ ಸುಮಾರು 10 ಕೋಟಿ ವರ್ಷಗಳ ಹಿಂದೆ ಸಮುದ್ರ ಒಳಗೆ ನುಗ್ಗಿತ್ತು. ಅಲ್ಲಿನ ಸುಣ್ಣಕಲ್ಲು, ಜೇಡಿಮಣ್ಣಿನಲ್ಲಿ ಅಮೊನೈಟ್ (ಸುರುಳಿ ಚಿಪ್ಪಿದ್ದ, ಈಗ ಅಳಿದುಹೋದ ಸಮುದ್ರಜೀವಿ) ಸುರುಳಿಗಳು, ಚಿಪ್ಪುಗಳು ತುಂಬಿವೆ. ಭೂವಿಜ್ಞಾನಿಗಳು ಆ ಪ್ರದೇಶವನ್ನು ಕಾವೇರಿ ಜಲಾನಯನ ಎಂದೇ ಕರೆಯುತ್ತಾರೆ. ನಮ್ಮ ರಾಜ್ಯದಲ್ಲಾದರೆ ಚಿತ್ರದುರ್ಗ, ಬಾಗಲಕೋಟೆ ಕಡೆ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಇವು ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಕಲ್ಲುಗಳು. ನೋಡಿ, ಫೋಟೋ ತೆಗೆಯಿರಿ, ಕೀಳಬೇಡಿ.

ಹರಳುಕಲ್ಲನ್ನು ಈ ಲೈಟಿನಲ್ಲಿ ಪತ್ತೆ ಹಚ್ಚಬಹುದಂತೆ, ಹೌದಾ?

ಮಾಣಿಕ್ಯದಲ್ಲಿ ಕ್ರೋಮಿಯಂ ಇರುವುದರಿಂದ ಕೆಂಪಾಗಿ ಹೊಳೆಯಬಹುದು. ಕೆಂಪು ಗಾರ್ನೆಟ್‌ನಲ್ಲಿ ಕಬ್ಬಿಣ ಇರುವುದರಿಂದ ಹೊಳೆಯುವುದಿಲ್ಲ. ಇಷ್ಟೇ ಉತ್ತರ. ಹರಳಿಗಾಗಿ ಕಾಡಂಚಿನಲ್ಲಿ ಗುಂಡಿ ತೋಡುವುದು ಅಪರಾಧ. ಆ ಕೆಲಸಕ್ಕೆ ನಾನು ಟಾರ್ಚ್ ಕೊಡುವುದಿಲ್ಲ, ಸಲಹೆಯನ್ನೂ ಕೊಡುವುದಿಲ್ಲ.

ದೇವರಮನೆಯ ಸಾಲಿಗ್ರಾಮಕ್ಕೆ ಹಾಕಿ ನೋಡಬಹುದಾ? ಏನೂ ದೋಷ ಇಲ್ಲ ತಾನೆ?

ನೇಪಾಳದ ಗಂಡಕಿ ನದಿಯಿಂದ ಬರುವ ಸಾಲಿಗ್ರಾಮಗಳಲ್ಲಿ ಚಕ್ರದ ಗುರುತು ಇರುವವು ಅಮೊನೈಟ್ ಪಳೆಯುಳಿಕೆಗಳು. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದ ಜೀವಿಗಳು. ಬೆಳಕು ಕಲ್ಲನ್ನು ಮುಟ್ಟುವುದಿಲ್ಲ, ಕೆರೆಯುವುದಿಲ್ಲ. ಪೂಜೆ ಮಾಡುವವರೇ ಕೈಯಲ್ಲಿ ಹಿಡಿದುಕೊಂಡರೆ ನೋಡಲು ಏನೂ ಅಡ್ಡಿಯಿಲ್ಲ ಅಂತ ನನ್ನ ಅಭಿಪ್ರಾಯ. ಕೊನೆಯ ಮಾತು ಮನೆಯ ಹಿರಿಯರದ್ದು.

ಸೋಮವಾರಪೇಟೆ ಕಡೆಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ತಾವೇ ಹಿಡಿದು ತೋರಿಸಿದರು. ಕಲ್ಲು ಕಪ್ಪಗೇ ಇತ್ತು. ಕಪ್ಪು ಜೇಡಿಕಲ್ಲಿನ ಇಂಗಾಲ ಮತ್ತು ಕಬ್ಬಿಣ ಹೊಳೆಯಲು ಬಿಡುವುದಿಲ್ಲ. ಆದರೆ ಸುರುಳಿಯ ಪ್ರತಿ ಏಣಿನ ಸಂದಿಯಲ್ಲೂ ಹಸಿರು-ಹಳದಿ ಗೆರೆ ಎದ್ದು ಕಂಡಿತು, ಕೂದಲೆಳೆಯಷ್ಟು ಸಣ್ಣದು. ಎಷ್ಟೋ ವರ್ಷದ ಪೂಜೆಯ ಅರಿಸಿನ. ಅಜ್ಜಿಗೆ ಬಹಳ ಖುಷಿಯಾಯಿತು. ನನಗೂ ಅಷ್ಟೇ, ಏಕೆಂದರೆ ಅಮೊನೈಟ್‌ನ ಏಣುಗಳನ್ನು ಅಷ್ಟು ಸ್ಪಷ್ಟವಾಗಿ ಹಗಲಿನಲ್ಲಿ ಎಣಿಸಲು ಆಗುತ್ತಿರಲಿಲ್ಲ.

## ಟಾರ್ಚ್, ಫೋಟೋ, ಜೋಪಾನ

ನೋಟು ಚೆಕ್ ಮಾಡೋ ಟಾರ್ಚ್ ಸಾಕಾಗಲ್ವಾ?

ಶುರುವಿಗೆ ಸಾಕು. ಆದರೆ ಅಗ್ಗದ ಟಾರ್ಚ್‌ಗಳು ಹೆಚ್ಚಾಗಿ 395 ನ್ಯಾನೋಮೀಟರ್ ತರಂಗಾಂತರದವು. ಅವುಗಳಿಂದ ಕಣ್ಣಿಗೆ ಕಾಣುವ ನೇರಳೆ ಬೆಳಕೂ ಧಾರಾಳವಾಗಿ ಬರುತ್ತದೆ. ಮಂದವಾದ ಹೊಳಪೆಲ್ಲ ಅದರಲ್ಲಿ ಮುಳುಗಿಹೋಗುತ್ತದೆ. 365 ನ್ಯಾನೋಮೀಟರ್‌ನ, ಮುಂದೆ ಕಪ್ಪು ಗಾಜಿನ ಫಿಲ್ಟರ್ ಇರುವ ಟಾರ್ಚ್ ತೆಗೆದುಕೊಳ್ಳಿ. ಹಚ್ಚಿದಾಗ ಗೋಡೆಯ ಮೇಲೆ ಹೆಚ್ಚೇನೂ ಕಾಣಬಾರದು, ನೋಟಿನ ನಂಬರು ಮಾತ್ರ ಹೊಳೆಯಬೇಕು. ಅಂಗಡಿಯಲ್ಲೇ ಹೀಗೆ ಪರೀಕ್ಷೆ ಮಾಡಬಹುದು.

ಕಣ್ಣಿಗೆ ತೊಂದರೆ ಆಗುತ್ತಾ? ಮಕ್ಕಳ ಕೈಗೆ ಕೊಡಬಹುದಾ?

365ರ ಟಾರ್ಚನ್ನು ಯಾರ ಕಣ್ಣಿಗೂ ನೇರ ಬಿಡಬಾರದು. ಯು.ವಿ. ತಡೆಯುವ ಕನ್ನಡಕ ಹಾಕಿಕೊಂಡೇ ನೋಡಿ. ದೊಡ್ಡವರು ಜೊತೆಗಿದ್ದರೆ ಮಕ್ಕಳೂ ನೋಡಬಹುದು.

254 ನ್ಯಾನೋಮೀಟರ್‌ನ ದೀಪದ ಮಾತೇ ಬೇರೆ. ಇದು ನೀರು, ಗಾಳಿಯ ಕ್ರಿಮಿ ಕೊಲ್ಲಲು ಬಳಸುವ ಜಾತಿಯ ಬೆಳಕು. ಕೆಲವು ಖನಿಜಗಳು ಇದರಲ್ಲಿ ಮಾತ್ರ ಹೊಳೆಯುವುದರಿಂದ ಪ್ರಯೋಗಾಲಯದಲ್ಲಿ ಬಳಸುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಕಣ್ಣಿನ ಮೇಲ್ಪದರ ಸುಡುತ್ತದೆ. ಉರಿ ಗೊತ್ತಾಗುವುದು ಕೆಲವು ಗಂಟೆ ಕಳೆದ ಮೇಲೆ. ಚರ್ಮವನ್ನೂ ಸುಡುತ್ತದೆ. ಶಾಲೆಗೆ ಇದನ್ನು ತರಲೇಬೇಡಿ. ಲೇಸರ್ ಕೂಡ ಹಾಗೆಯೇ. ಪಳೆಯುಳಿಕೆಗೆ ಬಳಸುವ ಲೇಸರ್ ಪಾಠ ಮಾಡುವಾಗ ಹಿಡಿಯುವ ಪಾಯಿಂಟರ್ ಅಲ್ಲ. ಅದರ ಕಿರಣ ಕಲ್ಲಿಗೆ ಬಡಿದು ಕಣ್ಣಿಗೆ ತಿರುಗಿದರೂ ದೃಷ್ಟಿ ಹೋಗಬಹುದು.

ಕಣ್ಣಿಗೆ ಚೆನ್ನಾಗಿ ಕಾಣುತ್ತೆ, ಮೊಬೈಲಲ್ಲಿ ಬರೀ ನೇರಳೆ ಬರುತ್ತೆ. ಏನು ಮಾಡ್ಲಿ?

ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ. ಕೋಣೆಯ ದೀಪ ಹಚ್ಚಿಟ್ಟು ಫೋಕಸ್ ಮಾಡಿ, ಅದನ್ನು ಲಾಕ್ ಮಾಡಿ, ಆಮೇಲೆ ದೀಪ ಆರಿಸಿ. ಪ್ರೋ ಮೋಡ್‌ನಲ್ಲಿ ಐ.ಎಸ್.ಒ. ಕಡಿಮೆ ಇಟ್ಟು ಶಟರ್ ಕೆಲವು ಸೆಕೆಂಡು ತೆರೆದಿಡಿ. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ, ಒಂದು ಕಡೆ ನಿಲ್ಲಿಸಿ. ಇಲ್ಲದಿದ್ದರೆ ಒಂದೊಂದು ಫೋಟೋದಲ್ಲಿ ಒಂದೊಂದು ಬಣ್ಣ. ಲೆನ್ಸ್ ಮುಂದೆ ಹಳದಿ ಫಿಲ್ಟರ್ ಇಟ್ಟರೆ ಟಾರ್ಚಿನ ನೇರಳೆ ನಿಂತುಹೋಗಿ ಹೊಳಪು ಮಾತ್ರ ಒಳಗೆ ಬರುತ್ತದೆ. ಟಾರ್ಚನ್ನು ಒಂದೇ ಕಡೆ ಹಿಡಿಯದೆ ನಿಧಾನವಾಗಿ ಸುತ್ತ ಆಡಿಸಿದರೆ ಬೆಳಕು ಸಮನಾಗುತ್ತದೆ.

ಕೆಳಗೆ ಕಪ್ಪು ಬಟ್ಟೆ ಹಾಸಿ, ನೀವೂ ಗಾಢ ಬಣ್ಣದ ಅಂಗಿ ಹಾಕಿಕೊಳ್ಳಿ. ಬಿಳಿ ಬಟ್ಟೆಯ ನೂಲೊಂದು ಕಲ್ಲಿನ ಮೇಲೆ ಬಿದ್ದಿದ್ದರೆ ಫೋಟೋದಲ್ಲಿ ನೀಲಿ ಗೆರೆಯಾಗಿ ಬರುತ್ತದೆ, ನೋಡಿದವರು ಗರಿ ಅಂದುಕೊಳ್ಳುತ್ತಾರೆ.

ಮಳೆಗಾಲದಲ್ಲಿ ಡಬ್ಬದಲ್ಲಿಟ್ಟ ಕಲ್ಲಿಗೂ ಬೂಷ್ಟು ಬರುತ್ತೆ. ಇದರಿಂದ ಏನಾದರೂ ಕೆಡುತ್ತಾ?

ಕೆಡುತ್ತದೆ, ಎರಡು ರೀತಿಯಲ್ಲಿ. ಬೂಷ್ಟು ತಾನೇ ಹೊಳೆಯಬಹುದು. ಆಗ ಚುಕ್ಕಿ ಚುಕ್ಕಿಯಾಗಿ ಸುಳ್ಳು ಗುರುತುಗಳು ಕಾಣುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಇರುವ ಪಳೆಯುಳಿಕೆಗಳಿಗೆ. ಗಾಳಿಯ ತೇವ ಶೇ. 60 ದಾಟಿದರೆ ಪೈರೈಟ್ ಒಡೆಯಲು ಶುರುವಾಗುತ್ತದೆ. ಗಂಧಕಾಮ್ಲ ಹುಟ್ಟುತ್ತದೆ. ಬಿಳಿ-ಹಳದಿ ಪುಡಿ ಏಳುತ್ತದೆ, ಗಂಧಕದ ವಾಸನೆ ಬರುತ್ತದೆ. ಕಲ್ಲು ಅದರ ಪಾಡಿಗೆ ಅದು ಉದುರಿಹೋಗುತ್ತದೆ. ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟ್ ಮಳೆಯ ಮಡಿಕೇರಿಯಲ್ಲಿ ತೇವ ಶೇ. 60ಕ್ಕೆ ಇಳಿಯುವುದಾದರೂ ಎಲ್ಲಿ? ಬಿಗಿ ಮುಚ್ಚಳದ ಡಬ್ಬದಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹಾಕಿಡಿ. ಬಣ್ಣ ಬದಲಾದಾಗ ಜೆಲ್ಲನ್ನು ಓವನ್ನಿನಲ್ಲಿ ಒಣಗಿಸಿ ಮತ್ತೆ ಹಾಕಿ.

ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ತೇವ ಇರುವುದಿಲ್ಲ, ನಿಜ. ಆದರೆ ಮಸಿ ಕೂರುತ್ತದೆ. ಮಸಿ ಕೂತ ಪಳೆಯುಳಿಕೆಯಲ್ಲಿ ಆಮೇಲೆ ಯಾವ ಹೊಳಪೂ ಕಾಣದು.

## ಸಂಶೋಧನೆಯ ಕಡೆಗೆ

ಯು.ವಿ. ಇರುವಾಗ ಲೇಸರ್ ಯಾಕೆ ಬೇಕಾಯಿತು?

ಪಳೆಯುಳಿಕೆಗಳಿಗೆ ಯು.ವಿ. ದೀಪ ಬಳಸುವುದು 1920ರ ದಶಕದಲ್ಲೇ ಶುರುವಾಗಿತ್ತು. ತೊಂದರೆ ಏನೆಂದರೆ ದೀಪದ ಬೆಳಕು ಚದುರುತ್ತದೆ. ಮಂದ ಹೊಳಪನ್ನು ಎಬ್ಬಿಸುವಷ್ಟು ಶಕ್ತಿ ಒಂದೆಡೆ ಬೀಳುವುದಿಲ್ಲ. ಪಳೆಯುಳಿಕೆ ಸಂಶೋಧಕರಾದ ಥಾಮಸ್ ಕೇ, ಮೈಕೆಲ್ ಪಿಟ್ಮನ್ ಮತ್ತು ಸಂಗಡಿಗರು 2015ರಲ್ಲಿ ಲೇಸರ್ ವಿಧಾನವನ್ನು ವಿವರವಾಗಿ ಪ್ರಕಟಿಸಿದರು. ನೇರಳೆ 405, ನೀಲಿ 447, ಹಸಿರು 532 ನ್ಯಾನೋಮೀಟರ್ ಹೀಗೆ ಒಂದೇ ಬಣ್ಣದ ಪ್ರಬಲ ಬೆಳಕನ್ನು ಹರಡಿ ಹಾಯಿಸುತ್ತಾರೆ. ಆ ಬಣ್ಣವನ್ನು ಪೂರ್ತಿ ತಡೆಯುವ ಫಿಲ್ಟರ್ ಕ್ಯಾಮೆರಾ ಮುಂದಿರುತ್ತದೆ. ಕ್ಯಾಮೆರಾಗೆ ಬರುವುದು ಪಳೆಯುಳಿಕೆ ಮತ್ತು ಬಂಡೆ ಹೊರಸೂಸಿದ ಬೆಳಕು ಮಾತ್ರ.

ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದಿದೆ. ಇಂಗಾಲವಾಗಿ ಉಳಿದ ಚರ್ಮ, ಎಲೆ ತಾವಾಗಿ ಹೊಳೆಯುವುದಿಲ್ಲ. ಆದರೆ ಅವುಗಳ ಹಿಂದಿನ ಬಂಡೆ ಹೊಳೆದರೆ ಅವು ನೆರಳಿನಂತೆ ಎದ್ದು ಕಾಣುತ್ತವೆ. ಹೊಳೆಯದಿರುವುದೂ ಇಲ್ಲಿ ಮಾಹಿತಿಯೇ.

ಇದರಿಂದ ಹೊಸದಾಗಿ ಏನು ಗೊತ್ತಾಗಿದೆ? ಉದಾಹರಣೆ ಕೊಡಿ.

ಮೈಕ್ರೊರಾಪ್ಟರ್ ಎಂಬ ಚೀನಾದ ಪುಟ್ಟ ಡೈನೋಸಾರ್‌ಗೆ ಕೈ-ಕಾಲು ನಾಲ್ಕರಲ್ಲೂ ಉದ್ದ ಗರಿಗಳಿದ್ದವು. ಹಗಲು ಬೆಳಕಿನಲ್ಲಿ ಗರಿಗೂ ಮೂಳೆಗೂ ನಡುವೆ ಖಾಲಿ ಜಾಗ ಕಾಣುತ್ತಿತ್ತು. ಗರಿಗಳು ನಿಜಕ್ಕೂ ಇದೇ ಪ್ರಾಣಿಯದ್ದಾ ಎಂಬ ಅನುಮಾನಕ್ಕೆ ಅಲ್ಲಿ ಎಡೆ ಇತ್ತು. 2010ರಲ್ಲಿ ಯು.ವಿ. ಹಾಕಿ ನೋಡಿದಾಗ ಗರಿಗಳು ಮೂಳೆಯವರೆಗೂ ಮುಂದುವರಿದಿರುವುದು ಕಂಡಿತು.

ಸಿಟಾಕೊಸಾರಸ್ ಎಂಬ ಇನ್ನೊಂದು ಡೈನೋಸಾರ್‌ನ ಹೊಟ್ಟೆಯ ಚರ್ಮ ಜರ್ಮನಿಯ ಫ್ರಾಂಕ್‌ಫರ್ಟ್ ಮ್ಯೂಸಿಯಂನಲ್ಲಿದೆ. 2022ರಲ್ಲಿ ಲೇಸರ್ ಹಾಕಿದಾಗ ಹೊಟ್ಟೆಯ ನಡುವೆ ಉದ್ದಕ್ಕೊಂದು ಗುರುತು ಕಂಡಿತು. ಮೊಟ್ಟೆಯೊಳಗಿದ್ದಾಗ ಹಳದಿ ಭಾಗಕ್ಕೆ ಅಂಟಿಕೊಂಡಿದ್ದ ಜಾಗದ ಗುರುತು, ಅಂದರೆ ಡೈನೋಸಾರ್‌ನ ಹೊಕ್ಕುಳು! ಸುತ್ತಲಿನ ಒಂದೊಂದು ಹುರುಪೆಯನ್ನೂ ಬೇರೆ ಬೇರೆಯಾಗಿ ನೋಡಬಹುದು.

ಮೂರನೆಯದು ಆರ್ಕಿಯಾಪ್ಟೆರಿಕ್ಸ್ (ಡೈನೋಸಾರ್, ಹಕ್ಕಿ ಎರಡರ ಲಕ್ಷಣವೂ ಇದ್ದ ಗರಿಯ ಜೀವಿ) ಹೆಸರಿನ ಜೊತೆ ಸೇರಿಕೊಂಡ ಒಂಟಿ ಗರಿ. ಜರ್ಮನಿಯಲ್ಲಿ 1861ರಲ್ಲಿ ಬೆಳಕಿಗೆ ಬಂತು. ಆಗಿನ ಚಿತ್ರದಲ್ಲಿ ಗರಿಯ ಬುಡದ ದಂಟು ಇದೆ, ಈಗ ಕಲ್ಲಿನ ಮೇಲೆ ಅದು ಕಾಣುವುದಿಲ್ಲ. 2019ರಲ್ಲಿ ಲೇಸರ್ ಬೆಳಕಿನಲ್ಲಿ ಆ ದಂಟಿನ ರಾಸಾಯನಿಕ ಗುರುತು ಮತ್ತೆ ಕಂಡಿತು. ಹಳೆಯ ಚಿತ್ರ ಸರಿಯಾಗಿತ್ತು. ಅದೇ ತಂಡ ಒಂದು ಹೆಜ್ಜೆ ಮುಂದೆ ಹೋಗಿ, ಇದು ಆರ್ಕಿಯಾಪ್ಟೆರಿಕ್ಸ್‌ನ ಗರಿಯೇ ಅಲ್ಲ ಎಂದಿತು. ಮರುವರ್ಷವೇ ಇನ್ನೊಂದು ತಂಡ ಅದರದ್ದೇ ಎಂದು ವಾದಿಸಿತು. ವಿದ್ಯಾರ್ಥಿಗಳಿಗೆ ನಾನು ಇದನ್ನೇ ಒತ್ತಿ ಹೇಳುವುದು. ದಂಟು ಇದೆಯೋ ಇಲ್ಲವೋ ಎಂಬುದನ್ನು ಬೆಳಕು ತೀರ್ಮಾನಿಸಿತು. ಗರಿ ಯಾರದ್ದು ಎಂಬುದನ್ನು ತೀರ್ಮಾನಿಸಲು ಅಳತೆ, ಹೋಲಿಕೆ, ವಾದ ಎಲ್ಲ ಬೇಕು.

ಕಲ್ಲು ಬಿಡಿಸುವ ಕೆಲಸಕ್ಕೂ ಇದು ನೆರವು. ಷಿಕಾಗೋದ ಫೀಲ್ಡ್ ಮ್ಯೂಸಿಯಂ ತನ್ನ ಆರ್ಕಿಯಾಪ್ಟೆರಿಕ್ಸ್ ಬಗ್ಗೆ 2025ರಲ್ಲಿ ಪ್ರಕಟಿಸಿತು. ಅಲ್ಲಿ ಕಲ್ಲು ಕೆರೆಯುವವರು ಯು.ವಿ. ಹಾಕಿ ನೋಡುತ್ತ ಕೆರೆದರು. ಮೃದು ಭಾಗ ಎಲ್ಲಿ ಮುಗಿಯುತ್ತದೆ, ಬಂಡೆ ಎಲ್ಲಿ ಶುರುವಾಗುತ್ತದೆ ಎಂಬುದು ತಿಳಿದೇ ಉಪಕರಣ ಇಟ್ಟರು.

ನಕಲಿ ಪಳೆಯುಳಿಕೆ ಗೊತ್ತಾಗುತ್ತಾ?

ಹಲವು ಸಲ ಗೊತ್ತಾಗುತ್ತದೆ. ಫೆವಿಕಾಲ್ ಜಾತಿಯ ಅಂಟು ನೀಲಿ-ಬಿಳಿಯಾಗಿ, ಹಳೆಯ ಮ್ಯೂಸಿಯಂಗಳು ಬಳಿಯುತ್ತಿದ್ದ ಅರಗಿನ ಮೆರುಗು ಕಿತ್ತಳೆಯಾಗಿ ಹೊಳೆಯುತ್ತವೆ. ಎರಡು ತುಂಡು ಸೇರಿಸಿದ ಗೆರೆ ಎದ್ದು ಕಾಣುತ್ತದೆ.

ಇಟಲಿಯ ಆಲ್ಪ್ಸ್‌ನಲ್ಲಿ 1931ರಲ್ಲಿ ಸಿಕ್ಕಿದ ಟ್ರೈಡೆಂಟಿನೊಸಾರಸ್ ಕಥೆ ಎಲ್ಲರೂ ತಿಳಿಯಬೇಕಾದದ್ದು. ಸುಮಾರು 28 ಕೋಟಿ ವರ್ಷ ಹಳೆಯ ಬಂಡೆಯ ಮೇಲೆ ಹಲ್ಲಿಯಂಥ ಕಪ್ಪು ದೇಹ. ಚರ್ಮವೇ ಉಳಿದಿದೆ ಎಂದು ದಶಕಗಳ ಕಾಲ ನಂಬಿದ್ದರು. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯು.ವಿ. ಹಾಕಿದಾಗ ಮೇಲೆಲ್ಲ ಏನೋ ಬಳಿದಿರುವುದು ಕಂಡಿತು. ಮುಂದೆ ಸೂಕ್ಷ್ಮದರ್ಶಕ, ರಾಸಾಯನಿಕ ಪರೀಕ್ಷೆ ಮಾಡಿದರು. ಆ ಚರ್ಮ ಕಪ್ಪು ಬಣ್ಣ. ಹಿಂಗಾಲಿನ ಮೂಳೆಗಳು ಮತ್ತು ಬೆನ್ನಿನ ಕೆಲವು ಪುಟ್ಟ ಹುರುಪೆಗಳು ಮಾತ್ರ ಅಸಲಿ. ಯು.ವಿ. ಇಲ್ಲಿ ಅನುಮಾನ ಹುಟ್ಟಿಸಿತು, ಸಾಬೀತು ಮಾಡಿದ್ದು ಉಳಿದ ಪರೀಕ್ಷೆಗಳು.

ಸಮುದ್ರದ ಚಿಪ್ಪಿನ ಮೂಲ ಬಣ್ಣ ಕಾಣುತ್ತದಂತೆ. ನಿಜವಾ?

ಬಣ್ಣ ಅಲ್ಲ, ಬಣ್ಣದ ವಿನ್ಯಾಸ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಸಿಕ್ಕ 48 ರಿಂದ 66 ಲಕ್ಷ ವರ್ಷ ಹಳೆಯ ಶಂಕುಚಿಪ್ಪುಗಳು ನೋಡಲು ಸುಣ್ಣದ ಹಾಗೆ ಬಿಳಿ. ಬಟ್ಟೆಗೆ ಹಾಕುವ ಬ್ಲೀಚ್‌ನಲ್ಲಿ ನೆನೆಸಿ ಯು.ವಿ. ಹಾಕಿದಾಗ ಚುಕ್ಕಿ, ಪಟ್ಟೆಗಳೆಲ್ಲ ಎದ್ದು ಬಂದವು. ಒಂದು ಕಾಲಕ್ಕೆ ಬಣ್ಣವಿದ್ದ ಜಾಗವೇ ಈಗ ಹೊಳೆಯುತ್ತದೆ, ಅಂದರೆ ಚಿತ್ರ ತಿರುಗುಮುರುಗು. 2015ರ ಆ ಅಧ್ಯಯನ 28 ಜಾತಿಗಳನ್ನು ಗುರುತಿಸಿತು. ಅದರಲ್ಲಿ 13 ಹೊಸವು. ನಿಮ್ಮಲ್ಲಿರುವ ಒಂದೇ ಒಂದು ಚಿಪ್ಪನ್ನು ಮಾತ್ರ ಬ್ಲೀಚ್‌ಗೆ ಹಾಕಬೇಡಿ.

ನಮ್ಮ ಧೂಪದ ಮರದ ಅಂಟು ಮುಂದೆ ಆಂಬರ್ ಆಗುತ್ತಾ?

ತುಂಬ ಒಳ್ಳೆಯ ಪ್ರಶ್ನೆ, ಪೊನ್ನಂಪೇಟೆಯ ಒಬ್ಬ ಹುಡುಗಿ ಕೇಳಿದ್ದು. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸುಮಾರು 5 ಕೋಟಿ ವರ್ಷ ಹಳೆಯ ಆಂಬರ್, ಅಂದರೆ ಪಳೆಯುಳಿಕೆಯಾದ ಮರದ ರಾಳ ಸಿಕ್ಕಿದೆ. 2010ರ ವರದಿಯಲ್ಲಿ ಅದರೊಳಗೆ 700ಕ್ಕೂ ಹೆಚ್ಚು ಕೀಟ, ಜೇಡಗಳಂಥ ಜೀವಿಗಳ ಲೆಕ್ಕ ಇದೆ. ಆ ರಾಳ ಸುರಿಸಿದ್ದು ಡಿಪ್ಟೆರೊಕಾರ್ಪ್ ಕುಟುಂಬದ ಮರಗಳು. ನಮ್ಮ ಕಾಡಿನ ಸಾಲುಧೂಪವೂ ಅದೇ ಕುಟುಂಬ. ಕರಿಧೂಪ ಬೇರೆ ಕುಟುಂಬದ್ದು. ರಾಳ ಕೆಸರಿನಲ್ಲಿ ಹೂತು, ಗಾಳಿಯಿಲ್ಲದೆ ಲಕ್ಷಾಂತರ ವರ್ಷ ಇದ್ದರೆ ಆಂಬರ್ ಆಗಬಹುದು.

ಆಂಬರ್ ಯು.ವಿ.ಯಲ್ಲಿ ಹೆಚ್ಚಾಗಿ ನೀಲಿ ಛಾಯೆಯಲ್ಲಿ ಹೊಳೆಯುತ್ತದೆ. ಒಳಗಿನ ಕೀಟದ ಕಾಲಿನ ರೋಮ ನೋಡಬೇಕಾದರೆ ಕಾನ್ಫೋಕಲ್ ಸೂಕ್ಷ್ಮದರ್ಶಕ ಬಳಸುತ್ತಾರೆ. ಲೇಸರ್ ಒಂದೊಂದೇ ಬಿಂದುವನ್ನು, ಒಂದೊಂದೇ ಆಳದಲ್ಲಿ ಬೆಳಗುತ್ತ ಹೋಗುತ್ತದೆ. ಆ ಪದರಗಳನ್ನು ಕಂಪ್ಯೂಟರ್ ಜೋಡಿಸುತ್ತದೆ. ಆಂಬರನ್ನು ಒಡೆಯದೆ ಮೂರು ಆಯಾಮದ ಚಿತ್ರ ಸಿಗುತ್ತದೆ.

ಕೊಡಗಿನಲ್ಲೇ ಮಾಡಬಹುದಾದ ಕೆಲಸ ಏನೂ ಇಲ್ವಾ?

ಇದೆ. ಪರಾಗ. ಬಂಡೆ ಹಳೆಯದಾದರೂ ಅದರ ಮೇಲೆ ತಗ್ಗುಗಳಲ್ಲಿ ಕೂತ ಕೆಸರು ಹೊಸದು. ಅದರಲ್ಲಿ ಹಿಂದಿನ ಕಾಡಿನ ಪರಾಗ ಉಳಿದಿರುತ್ತದೆ. ಪರಾಗದ ಹೊರಗೋಡೆ ಬಹಳ ಗಟ್ಟಿ, ಮತ್ತು ಅದು ಹೊಳೆಯುತ್ತದೆ. ಭೂಮಿಯೊಳಗೆ ಬಿಸಿ ತಿಂದಷ್ಟೂ ಹೊಳಪು ಹಸಿರು-ಹಳದಿಯಿಂದ ಕಿತ್ತಳೆಗೆ, ಕೆಂಪಿಗೆ ಹೋಗಿ ಕೊನೆಗೆ ಆರಿಹೋಗುತ್ತದೆ. ಕಲ್ಲಿದ್ದಲು, ತೈಲ ಹುಡುಕುವವರು ಈ ಬಣ್ಣ ನೋಡಿಯೇ ಬಂಡೆ ಎಷ್ಟು ಬೆಂದಿದೆ ಎಂದು ಅಂದಾಜು ಮಾಡುತ್ತಾರೆ. ಬೇರೆ ಕಡೆಯಿಂದ ಕೊಚ್ಚಿ ಬಂದ ಹಳೆಯ ಪರಾಗ ಹೊಸದರ ಜೊತೆ ಬೆರೆತಿದ್ದರೂ ಬಣ್ಣದಲ್ಲಿ ಬೇರೆಯಾಗಿ ಕಾಣಬಹುದು. ಲಕ್ನೋದ ಬೀರಬಲ್ ಸಾಹ್ನಿ ಪುರಾವಿಜ್ಞಾನ ಸಂಸ್ಥೆ ಇಂಥ ಅಧ್ಯಯನಕ್ಕೆ ದೇಶದ ಮುಖ್ಯ ಕೇಂದ್ರ. ಸಸ್ಯಶಾಸ್ತ್ರ ಓದುವ ಕೊಡಗಿನ ಮಕ್ಕಳು ಆ ಕಡೆ ನೋಡಲಿ ಎಂದು ನನಗೆ ಬಹಳ ಆಸೆ. ದೇವರಕಾಡಿನ ಗಿಡ ಮರಗಳನ್ನು ಹೆಸರು ಹಿಡಿದು ಗುರುತಿಸುವವರಿಗೆ ಅದರ ಪರಾಗ ಗುರುತಿಸುವುದು ಬೇಗ ಒಲಿಯುತ್ತದೆ.

ಎಕ್ಸ್‌ರೇ ಫ್ಲೋರೆಸೆನ್ಸ್ ಅಂತಾರಲ್ಲ, ಅದೂ ಇದೇನಾ?

ತತ್ವ ಒಂದೇ ಬಗೆಯದ್ದು, ಶಕ್ತಿ ಬೇರೆ. ಎಕ್ಸ್‌ರೇ ಪರಮಾಣುವಿನ ಒಳಗಿನ ಎಲೆಕ್ಟ್ರಾನನ್ನೇ ಹೊರಗೆ ತಳ್ಳುತ್ತದೆ. ಆ ಜಾಗಕ್ಕೆ ಇನ್ನೊಂದು ಇಳಿದಾಗ ಎಕ್ಸ್‌ರೇ ಹೊರಡುತ್ತದೆ. ಅದರ ಶಕ್ತಿ ಒಂದೊಂದು ಧಾತುವಿಗೆ ಒಂದೊಂದು. ಹಾಗಾಗಿ ಯಾವ ಧಾತು ಎಲ್ಲಿದೆ ಎಂಬ ನಕ್ಷೆ ಸಿಗುತ್ತದೆ. ಟಾರ್ಚಿನ ಹೊಳಪಿನಲ್ಲಿ ಇಷ್ಟು ಖಚಿತ ಉತ್ತರ ಸಿಗದು. 2010ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸಿಂಕ್ರೊಟ್ರಾನ್‌ನಲ್ಲಿ (ಪ್ರಬಲ ಎಕ್ಸ್‌ರೇ ಹೊರಡಿಸುವ ದೊಡ್ಡ ಯಂತ್ರ) ಆರ್ಕಿಯಾಪ್ಟೆರಿಕ್ಸ್‌ನ ನಕ್ಷೆ ತೆಗೆದಾಗ, ಬರೀ ಅಚ್ಚು ಎಂದುಕೊಂಡಿದ್ದ ಗರಿಗಳ ದಂಟಿನಲ್ಲಿ ರಂಜಕ, ಗಂಧಕ ಉಳಿದಿರುವುದು ಕಂಡಿತು. ನಮ್ಮ ದೇಶದಲ್ಲಿ ಇಂದೋರಿನ ಇಂಡಸ್-2 ಸಿಂಕ್ರೊಟ್ರಾನ್‌ನಲ್ಲಿ ಈ ಸೌಲಭ್ಯ ಇದೆ.

ರಾಮನ್ ಪರೀಕ್ಷೆ ಮಾಡುವವರು ಫ್ಲೋರೆಸೆನ್ಸ್ ಕಂಡರೆ ಬೈಯುತ್ತಾರಲ್ಲ, ಯಾಕೆ?

ರಾಮನ್ ಪರೀಕ್ಷೆ ಎಂದರೆ ಲೇಸರ್ ಹಾಯಿಸಿ, ಚದುರಿ ಬರುವ ಬೆಳಕಿನಿಂದ ವಸ್ತು ಯಾವುದೆಂದು ತಿಳಿಯುವುದು. ಆ ಸಂಕೇತ ಬಹಳ ಮಂದ. ಪಳೆಯುಳಿಕೆಯ ಹೊಳಪು ಅದನ್ನು ಮುಚ್ಚಿಬಿಡುತ್ತದೆ. ಅವರು ಸಾಮಾನ್ಯವಾಗಿ 785 ಅಥವಾ 1064 ನ್ಯಾನೋಮೀಟರ್‌ನ ಲೇಸರ್‌ಗೆ ಹೋಗುವುದು ಇದೇ ಕಾರಣಕ್ಕೆ. ಅಲ್ಲಿ ಹೊಳಪು ಕಡಿಮೆ.

ಹೊಳಪಿನ ಬಣ್ಣ ನೋಡಿ ವಯಸ್ಸು ಹೇಳಬಹುದಾ?

ಆಗದು. ಒಂದೇ ಪ್ರಾಣಿಯ ಎರಡು ಮೂಳೆ ಬೇರೆ ಬೇರೆ ಮಣ್ಣಿನಲ್ಲಿ ಹೂತಿದ್ದರೆ ಎರಡು ಬಣ್ಣದಲ್ಲಿ ಹೊಳೆಯಬಹುದು. ವಯಸ್ಸಿಗೆ ಬಂಡೆಯ ಪದರ, ಜೊತೆಗಿನ ಪಳೆಯುಳಿಕೆಗಳು, ಜ್ವಾಲಾಮುಖಿಯ ಬೂದಿಪದರದಲ್ಲಿರುವ ಜಿರ್ಕಾನ್ ಖನಿಜದ ಹರಳುಗಳನ್ನು ನೋಡಬೇಕು. ಹಾಗಾಗಿ ಯಾವ ಕಲ್ಲು ಕಂಡರೂ ಮೊದಲು ಸಿಕ್ಕಿದ ಜಾಗ, ಪದರ, ದಿನಾಂಕ ಬರೆದುಕೊಳ್ಳಿ. ಆ ಚೀಟಿಯನ್ನು ಕಲ್ಲಿನ ಜೊತೆಗೇ ಇಡಿ, ಪೆನ್ಸಿಲಿನಲ್ಲಿ ಬರೆದದ್ದಾದರೆ ನಮ್ಮ ಮಳೆಗಾಲದ ತೇವಕ್ಕೂ ಅಳಿಸುವುದಿಲ್ಲ.